ಷಡ್ಡಕನ ಗಾಡಿಮನೆ ಕಿರುಗುಟ್ಟಿದ ಕಾಲ

ಹೊಟ್ಟೆಕಿಚ್ಚು ನಮ್ಮ ಮನೆತನದಲ್ಲಿ ಹಿಂದೆ ಯಾರಿಗಾದರೂ ಇದ್ದದ್ದನ್ನು ನಾನು ಕೇಳಿಲ್ಲ. ಅರಕೆರೆಯ ನಮ್ಮ ಮನೆಗೆ ಅದು ಬಂದದ್ದು ಪಾಂಡವಪುರದಿಂದ, ಒಂದು ಭಾನುವಾರ ಮಧ್ಯಾಹ್ನ, ಜೀಪೊಂದರ ಹಿಂದೆ ಕಟ್ಟಿಸಿಕೊಂಡು.

ಜೀಪಿನಿಂದ ಇಳಿದವನು ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಹಿಂದೆ ಕಟ್ಟಿದ್ದು ಬಿಳಿ ಬಣ್ಣದ, ಕಿಟಕಿಗೆ ಪರದೆ ಹಾಕಿದ, ಎರಡೇ ಚಕ್ರದ ಒಂದು ಕ್ಯಾರವಾನು. ಹೊರದೇಶದ ಮಾಲಂತೆ. ಊಟಿಯ ಕಡೆ ಯಾವುದೋ ಎಸ್ಟೇಟಿನಲ್ಲಿ ಸುಮ್ಮನೆ ನಿಂತಿದ್ದನ್ನು ಇವನು ತಿಂಗಳ ಹಿಂದೆ ಹಿಡಿದು ತಂದಿದ್ದ. ನಮ್ಮೂರಿನವರು ಅದಕ್ಕೆ ಒಂದು ಪ್ರದಕ್ಷಿಣೆ ಹಾಕಿ, ಅಲ್ಲಲ್ಲಿ ತಟ್ಟಿ ನೋಡಿ, ಗಾಡಿಮನೆ ಎಂದು ನಾಮಕರಣ ಮಾಡಿ ಮುಗಿಸಿದರು. ನನ್ನ ಹೆಂಡತಿ ಒಳಗೆ ಹೋದವಳು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಒಳಗಿನಿಂದ ಬಾಗಿಲು ತೆಗೆಯುವ, ಮುಚ್ಚುವ, ಮತ್ತೆ ತೆಗೆಯುವ ಸದ್ದು ಮಾತ್ರ ಕೇಳುತ್ತಿತ್ತು. ಕೊನೆಗೊಮ್ಮೆ ಕಿಟಕಿಯ ಪರದೆ ಸರಿಸಿ ಮುಖ ಹೊರಗೆ ಹಾಕಿದಳು.

"ಏನೂಂದ್ರೆ, ಇದ್ರೊಳ್ಗೆ ಸಿಂಕದೆ!"

"ನಮ್ಮನೇಲೂ ಅದೆಯಲ್ಲ."

"ನಮ್ದು ನಿಂತಲ್ಲೇ ನಿಂತಿರ್ತದೆ. ಇದು ಊರೂರು ತಿರುಗ್ತದೆ ಕಣ್ರೀ."

ಊರೂರು ತಿರುಗುವುದು ಸಿಂಕಿಗೆ ಯಾಕೆ ಬೇಕು ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. ಷಡ್ಡಕ ನನ್ನ ಪಕ್ಕದಲ್ಲೇ ನಿಂತು ನಗುತ್ತಿದ್ದ. ಅವನ ನಗೆಯಲ್ಲಿ ಜಂಬವಿದ್ದಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಇರಲಿಲ್ಲ. ಅವನು ಬರೀ ಸಂತೋಷವಾಗಿದ್ದ. ಇದಕ್ಕಿಂತ ಸಹಿಸಲಾಗದ ಗುಣ ಬಂಧುಗಳಲ್ಲಿ ಇನ್ನೊಂದಿಲ್ಲ.

ಸಂಜೆ ಅವನು ಹೊರಟು ನಮ್ಮ ಬೀದಿಯ ತಿರುವಿನಲ್ಲಿ ಜೀಪು ಹೊರಳಿಸಿದ. ಆಗ ಕೇಳಿತು ಆ ಸದ್ದು. ಜೀಪು ಮತ್ತು ಗಾಡಿಮನೆ ಸೇರುವ ಕೊಂಡಿಯಿಂದ ಒಂದು ದೀರ್ಘವಾದ 'ಕಿರ್ರ್', ಅದರ ಬಾಲದಲ್ಲಿ ಹಾಲು ಸಿಗದ ಕರುವಿನ ರಾಗದಂಥ 'ಅಂಬೋ'. ಬೀದಿಯ ನಾಯಿಗಳು ಎದ್ದು ನಿಂತವು. ನನ್ನ ಮನಸ್ಸಿಗೆ ಆ ಭಾನುವಾರದ ಮೊದಲ ನೆಮ್ಮದಿ ಸಿಕ್ಕಿದ್ದು ಆಗಲೇ. ಆ ದಿನ ಮುದ್ದೆ ಎರಡಾಯಿತು.

ನನ್ನ ಕಿವಿಯ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ಬಹಳ ವರ್ಷ ಟ್ರಾಕ್ಟರಿನ ಹಿಂದೆ ಕಬ್ಬಿನ ಟ್ರೇಲರು ಎಳೆಸಿದವನು ನಾನು. ಕಬ್ಬು ಅರೆಯುವ ಕಾಲದಲ್ಲಿ ನಾಲೆಯ ಏರಿಯ ಮೇಲೆ ಹೋಗುವ ಲೋಡುಗಳ ಸದ್ದು ಕೇಳಿಯೇ, ಜಗಲಿಯಿಂದ ಏಳದೆ, ಯಾವುದರ ಪಿನ್ನು ಸವೆದಿದೆ, ಯಾವುದರ ಸ್ಪ್ರಿಂಗ್ ಪಟ್ಟಿ ಮುರಿದಿದೆ ಎಂದು ಹೇಳುತ್ತಿದ್ದೆ. ಜನ ಬಂದು ಕೇಳಿಕೊಂಡು ಹೋಗುತ್ತಿದ್ದರು. ಅಣ್ಣತಮ್ಮಂದಿರ ನಡುವೆ ಜಮೀನು ಪಾಲಾಯಿತು, ತೆಂಗು ಪಾಲಾಯಿತು, ಹಿತ್ತಲ ಹುಣಸೆಮರ ಕೂಡ ಕೊಂಬೆ ಕೊಂಬೆಯಾಗಿ ಪಾಲಾಯಿತು. ಈ ಕಿವಿ ಮಾತ್ರ ಪೂರ್ತಿ ನನ್ನದಾಗಿಯೇ ಉಳಿಯಿತು. ಹಾಗಾಗಿ ಮರುವಾರ ಷಡ್ಡಕ ಫೋನು ಮಾಡಿ, "ಅಣ್ಣ, ಆ ಸದ್ದು ಯಾಕಂತ ನೀನೇ ಒಂದ್ಸಲ ಕೇಳ್ಬುಟ್ಟು ಯೋಳ್ಬೇಕು ಕಣಣ್ಣ" ಎಂದದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಆಶ್ಚರ್ಯವಾದದ್ದು ಅವನ ಮುಂದಿನ ಮಾತಿಗೆ.

"ಪಿತೃಪಕ್ಷಕ್ಕೆ ಅತ್ತೆ ಇದ್ರಲ್ಲೇ ಬತ್ತೀನಿ ಅಂದವ್ರೆ."

ಫೋನನ್ನು ನಾನು ಇನ್ನೊಂದು ಕಿವಿಗೆ ಬದಲಾಯಿಸಿದೆ.

ಅತ್ತೆಯವರಿರುವುದು ಕೆ.ಆರ್. ಪೇಟೆಯಲ್ಲಿ, ಮಗನ ಮನೆಯಲ್ಲಿ. ಅವರ ತವರು ನಾಗಮಂಗಲದ ಆಚೆಗಿನ ಒಂದು ಊರು. ವರ್ಷಕ್ಕೊಮ್ಮೆ, ಪಿತೃಪಕ್ಷದಲ್ಲಿ ತಂದೆತಾಯಿಗೆ ಎಡೆ ಇಡುವ ದಿನ, ಅವರು ಅಲ್ಲಿಗೆ ಹೋಗಿ ಬರಬೇಕು. ಮಗನಿಗೆ ಹಸುಗಳ ಹಾಲು ಕರೆದು ಡೇರಿಗೆ ಹಾಕುವ ಕೆಲಸ, ಬಿಟ್ಟು ಬರುವಂತಿಲ್ಲ. ಆದ್ದರಿಂದ ಅವರನ್ನು ಕರೆದುಕೊಂಡು ಹೋಗುವುದು ಹಿರಿಯಳಿಯನಾದ ನನ್ನ ಹಕ್ಕು. ಅದನ್ನು ಕರ್ತವ್ಯ ಎಂದು ಕರೆಯುವವರುಂಟು. ಅವರಿಗೆ ಊಟದ ಪಂಕ್ತಿಯ ವಿಷಯ ಗೊತ್ತಿಲ್ಲ. ಆ ಮನೆಯಲ್ಲಿ, ಹೆಣ್ಣುಮಗಳನ್ನು ತವರಿಗೆ ಕರೆತಂದ ಅಳಿಯನಿಗೆ ಪಂಕ್ತಿಯ ಮೊದಲ ಎಲೆ. ನಾನು ಕಾರು ಕೊಂಡ ವರ್ಷದಿಂದ ಆ ಎಲೆಯ ಮುಂದೆ ಬೇರೆ ಯಾರೂ ಕೂತಿಲ್ಲ.

ಕೆ.ಆರ್. ಪೇಟೆಗೆ ಹೋಗಿ ಅತ್ತೆಯವರನ್ನೇ ಕೇಳಿದೆ. ಕಾರಿನ ಸೀಟಿಗೆ ಹೊಸ ಕವರು ಹಾಕಿಸಿದ್ದನ್ನು ನೆನಪಿಸಿದೆ. ಅವರು ಕವಳ ಕುಟ್ಟುತ್ತ ತಲೆ ಎತ್ತದೆ ಹೇಳಿದರು:

"ನಿಮ್ ಕಾರು ಚೆನ್ನಾಗದೆ ಕಣಪ್ಪ ಅಳಿಯಂದ್ರೆ. ಆದ್ರೆ ನನ್ ಮಂಡಿ ನೋಡಿ. ದಾರೀಲಿ ಎಲ್ಲಾದ್ರೂ ಇಳ್ದು ಕೂರಾಕಾಯ್ತದಾ? ಅವನ ಗಾಡೀಲಿ ಒಳ್ಗೇ ಕಮೋಡದೆ. ಮರದಡೀಲಿ ನಿಲ್ಸಿದ್ರೆ ಆಯ್ತು."

ಕಮೋಡಿನ ಮುಂದೆ ವಾದ ನಿಲ್ಲುವುದಿಲ್ಲ. ಅವರು ಕುಟ್ಟುವುದನ್ನು ನಿಲ್ಲಿಸಿ ಒಂದು ಮಾತು ಸೇರಿಸಿದರು. ಆ ಮಾತಿಗಾಗಿ ಅವರ ಕಾಲಿಗೆ ಬೀಳಬೇಕೆನಿಸಿತು.

"ಆದ್ರೆ ಅದು ಅಳೋದ್ನ ನಿಲ್ಲಿಸ್ಬೇಕು. ಅಳೋ ಗಾಡೀಲಿ ನಾನು ತವರಿಗೆ ಓಗಾಕಿಲ್ಲ. ನಿಲ್ನಿಲ್ಲ ಅಂದ್ರೆ ನಿಮ್ ಕಾರೇ ಸೈ."

ಎತ್ತಿನ ಗಾಡಿಯ ಕಾಲದಿಂದ ಬಂದ ಮಾತು ಇದು. ಗಾಡಿಯ ಅಚ್ಚಿಗೆ ಹರಳೆಣ್ಣೆ, ಹುಲ್ಲಿನ ಮಸಿ ಕಲಸಿದ ಕೀಲೆಣ್ಣೆ ಸವರುತ್ತಿದ್ದರು. ಹೆಣ್ಣುಮಗಳು ತವರಿಗೆ ಬರುವ ಗಾಡಿ ಕಿರುಗುಟ್ಟಿದರೆ, "ಕೊಟ್ಟ ಮನೇಲಿ ಕೀಲೆಣ್ಣೆಗೂ ಗತಿ ಇಲ್ವಾ?" ಎಂದು ಊರ ಹೆಂಗಸರು ಬಾಗಿಲಲ್ಲಿ ನಿಂತು ಆಡಿಕೊಳ್ಳುತ್ತಿದ್ದರು. ಹಾಗೆ ಆಡಿಕೊಂಡವರಲ್ಲಿ ಈಗ ಒಬ್ಬರೋ ಇಬ್ಬರೋ ಉಳಿದಿದ್ದಾರು. ಆದರೆ ಅತ್ತೆಯವರ ಮಟ್ಟಿಗೆ ಆ ಬಾಗಿಲುಗಳಲ್ಲಿ ಇಂದಿಗೂ ಜನ ನಿಂತಿದ್ದಾರೆ.

ಪರಿಸ್ಥಿತಿ ಹೀಗೆ ಸ್ಪಷ್ಟವಾಯಿತು: ಗಾಡಿ ಅತ್ತರೆ ಮೊದಲ ಎಲೆ ನನ್ನದು, ಗಾಡಿ ಸುಮ್ಮನಾದರೆ ಅವನದು. ಅಳು ನಿಲ್ಲಿಸುವ ಕೆಲಸಕ್ಕೆ ಕರೆ ಬಂದಿರುವುದು ನನಗೆ.

ಹೋದೆ. ಹೋಗದಿದ್ದರೆ ಕಿವಿಯ ಮರ್ಯಾದೆ ಏನಾಗಬೇಕು? ಪಾಂಡವಪುರದ ಹೊರಗೆ ನಾಲೆಯ ಪಕ್ಕದ ರಸ್ತೆಯಲ್ಲಿ ಪರೀಕ್ಷೆ ನಡೆಯಿತು. ಮೊದಲು ಕೊಂಡಿ ಬಿಚ್ಚಿ ಬರೀ ಜೀಪನ್ನು ಓಡಿಸಲು ಹೇಳಿದೆ. ಸದ್ದಿಲ್ಲ. ಗಾಡಿಮನೆಯನ್ನು ನಿಲ್ಲಿಸಿಯೇ ಒಳಗೆ ಷಡ್ಡಕನನ್ನು ಕುಣಿಸಿದೆ. ಅವನು ನಿಷ್ಠೆಯಿಂದ ಕುಣಿದ, ಪಟ್ಟಿಗಳು ತೆಪ್ಪಗಿದ್ದವು. ಮತ್ತೆ ಕಟ್ಟಿ ನೇರ ರಸ್ತೆಯಲ್ಲಿ ಓಡಿಸಿದೆವು, ಸದ್ದಿಲ್ಲ. ಹಂಪು ಹಾರಿಸಿದೆವು, ಇಲ್ಲ. ಹೊರಡುವಾಗ, ನಿಲ್ಲುವಾಗ, ತಿರುಗುವಾಗ ಮಾತ್ರ 'ಕಿರ್ರ್... ಅಂಬೋ'. ನಾನು ಪಕ್ಕದಲ್ಲಿ ಓಡುತ್ತ, ಗಾಡಿಯ ಮುಂದೆ ಚಾಚಿದ ಮೂಕಿಗೆ ಕಿವಿ ಕೊಟ್ಟು, ಇದು ಕೊಂಡಿಯದೇ ಎಂದು ತೀರ್ಪು ಕೊಟ್ಟೆ. ನಮ್ಮ ಟ್ರೇಲರಿನದು ಬಳೆ ಮತ್ತು ಪಿನ್ನಿನ ಜೋಡಣೆ. ಇದು ಹಾಗಲ್ಲ, ಜೀಪಿನ ಹಿಂದೆ ಬೋಳುತಲೆಯಂಥ ಒಂದು ಉಕ್ಕಿನ ಗುಂಡು, ಅದರ ಮೇಲೆ ಟೋಪಿಯ ಹಾಗೆ ಕೂರುವ ಕೊಂಡಿ.

"ಏನ್ ಮಾಡಾದಣ್ಣ?"

"ಇನ್ನೇನ್ಲಾ ಮಾಡ್ತೀಯ? ಕಿರ್ ಅಂದ್ರೆ ಗ್ರೀಸು. ನಮ್ ತಾತನ ಕಾಲ್ದಿಂದ ಇರೋದು ಒಂದೇ ಔಷ್ದಿ."

ಅದನ್ನು ನಾನು ಕಪಟದಿಂದ ಹೇಳಲಿಲ್ಲ. ಕಿರುಗುಟ್ಟುವುದಕ್ಕೆ ಜಿಡ್ಡು ಹಚ್ಚಬೇಕೆಂಬುದು ನಮ್ಮ ಕಡೆ ಪ್ರತಿ ಮಗುವಿಗೂ ಮುದ್ದೆ ನುಂಗಲು ಕಲಿಯುವ ವಯಸ್ಸಿಗೇ ತಿಳಿದಿರುತ್ತದೆ. ಷಡ್ಡಕ ಅಲ್ಲೇ ಗುಂಡಿಗೆ ಧಾರಾಳವಾಗಿ ಗ್ರೀಸು ಮೆತ್ತಿದ. ಸದ್ದು ಅಡಗಿತು. ನಾನು ಮನೆಗೆ ಬಂದು, ಧರ್ಮ ಮಾಡಿದವನು ಪಡುವ ಕಷ್ಟವನ್ನು ಪಡುತ್ತ ಮಲಗಿದೆ.

ಮಾರನೆಯ ದಿನವೇ ಫೋನು ಬಂತು. ಸದ್ದು ಮರಳಿ ಬಂದಿತ್ತು, ಮೊದಲಿಗಿಂತ ಗಟ್ಟಿಯಾಗಿ. ಅದರ ಜೊತೆಗೆ ಇನ್ನೊಂದು: ಎದುರಿಗೆ ಲಾರಿ ಹಾದುಹೋದರೆ ಗಾಡಿಮನೆಯ ಹಿಂಭಾಗ ಎಮ್ಮೆಯ ಸೊಂಟದಂತೆ ಅತ್ತಿತ್ತ ತೂಗುತ್ತಿತ್ತು.

"ಎದೆ ಡವಡವ ಅಂದ್ಬುಡ್ತು ಕಣಣ್ಣ. ಹಿಂದಿಂದ ಯಾರೋ ಇಡ್ಕಂಡ್ ಎಳ್ದಂಗಾಯ್ತದೆ."

ನನಗೆ ಮರುಕವಾಯಿತು. ಮರುಕದ ಕೆಳಗೆ ಇನ್ನೊಂದು ಏನೋ ಆಯಿತು. ಅದರ ಹೆಸರನ್ನು ಈ ಬರಹದ ಮೊದಲ ಪದದಲ್ಲೇ ಹೇಳಿದ್ದೇನೆ.

ಜೀಪಿಗೆ ಆ ಗುಂಡನ್ನು ಕೂರಿಸಿದ್ದು ಗಂಜಾಮಿನ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ. ಗಾಡಿಮನೆ ಸಮೇತ ಅಲ್ಲಿಗೆ ಹೋದೆವು. ಶೆಡ್ಡಿನ ಸಾಬರು ಕನ್ನಡಕ ಹಣೆಗೇರಿಸಿ, ಜೀಪಿನಡಿ ನುಸುಳಿ, ಸುತ್ತಿಗೆಯಿಂದ ಟಣ್ ಟಣ್ ತಟ್ಟಿ, ಎದ್ದು ಬಂದರು.

"ವೆಲ್ಡಿಂಗ್ ಏನಾದ್ರೂ ಬುಟ್ಟದಾ?" ಎಂದು ಷಡ್ಡಕ ಕೇಳಿದ.

"ಅರೆ, ನನ್ ವೆಲ್ಡಿಂಗ್ ಬಿಡೋದಾ? ಜೀಪು ಎರಡು ತುಂಡಾಗ್ಬೌದು, ಅದು ಆಗಾಕಿಲ್ಲ."

ಷಡ್ಡಕ ನನ್ನ ಮುಖ ನೋಡಿದ. "ನೀನೇನಂತೀಯಣ್ಣ?"

ವೆಲ್ಡಿಂಗು ಬಿಟ್ಟಿದ್ದರೆ ಹಂಪಿನ ಮೇಲೆ ಸದ್ದು ಬರಬೇಕು, ಬಂದಿರಲಿಲ್ಲ. ಅದು ನನಗೆ ಗೊತ್ತಿತ್ತು. ಗಹನವಾದ ಪ್ರಶ್ನೆಗಳಲ್ಲಿ ಆತುರಪಡಬಾರದೆಂದು ನಾನು ಗಡ್ಡ ಕೆರೆದುಕೊಂಡೆ.

ನನ್ನ ಗಡ್ಡ ನೋಡಿ ಸಾಬರಿಗೆ ರೇಗಿತು. "ಅನುಮಾನ ಇದ್ರೆ ಬಿಡಿ. ಎಲ್ಲಾ ಕತ್ತರಿಸಿ ಹೊಸ್ದಾಗಿ ಕೂರಿಸ್ತೀನಿ. ಆದ್ರೆ ಈಗ ಕೈತುಂಬ ಕೆಲ್ಸ. ಅಮಾಸೆ ಕಳ್ದು ತನ್ನಿ."

ಅಮಾವಾಸ್ಯೆ ಕಳೆಯುವುದೆಂದರೆ ಪಿತೃಪಕ್ಷ ಮುಗಿಯುವುದು. ಅಲ್ಲಿಂದ ನಿಮಿಷಾಂಬ ದೇವಸ್ಥಾನ ಹತ್ತಿರವೇ. ನಾನು ಆ ದಿಕ್ಕಿಗೆ ತಿರುಗಿ, ಯಾರಿಗೂ ಕಾಣದಂತೆ ಮನಸ್ಸಿನಲ್ಲೇ ಕೈಮುಗಿದೆ. ಬಾಯಿ ಮುಚ್ಚಿಕೊಂಡಿರುವುದಷ್ಟೇ ನನ್ನ ಕೆಲಸ. ಇಷ್ಟು ಸುಲಭದ ಕೆಲಸ ನನಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಸಾಬರು ಗುಂಡಿನ ಮೇಲಿನ ಗ್ರೀಸನ್ನು ಬೆರಳಲ್ಲಿ ತೆಗೆದು ನೋಡಿದರು.

"ಇಷ್ಟೊಂದು ಗ್ರೀಸು ಹಾಕ್ಸಿದ್ಯಾರು?"

"ನಮ್ಮಣ್ಣ," ಎಂದ ಷಡ್ಡಕ ಹೆಮ್ಮೆಯಿಂದ. "ಸದ್ ಕೇಳೇ ಯೋಳ್ಬುಡ್ತಾರೆ. ಅವ್ರ್ ಕಿವಿ ಅಂದ್ರೆ..."

"ಕಿವಿಗೂ ವಯಸ್ಸಾಗ್ತದೆ ಬಿಡಿ," ಎಂದರು ಸಾಬರು ದಯೆಯಿಂದ. "ನಮ್ ಅಬ್ಬಾಗೂ ಹಂಗೇ ಆಗಿತ್ತು. ಕುಕ್ಕರ್ ಕೂಗಿದ್ರೆ ರೈಲು ಬಂತು ಅಂತಿದ್ರು."

ಷಡ್ಡಕ ನಗಲಿಲ್ಲ. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವನು, "ಆಯ್ತದೆ ಬುಡಣ್ಣ, ಏನ್ ಮಾಡಾಕಾಯ್ತದೆ" ಎನ್ನುವಂತೆ ನನ್ನ ಹೆಗಲ ಮೇಲೆ ಕೈಯಿಟ್ಟ. ಗಾಡಿಮನೆಯಿಟ್ಟುಕೊಂಡವನು, ಸಿಂಕು ಇಟ್ಟುಕೊಂಡವನು, ಈಗ ನನ್ನ ಕಿವಿಗಾಗಿ ಕನಿಕರವನ್ನೂ ಇಟ್ಟುಕೊಂಡು ಬಂದಿದ್ದ.

"ಬಿಚ್ರಿ ಕೊಂಡಿ," ಎಂದೆ.

ಬಿಚ್ಚಿದರು. ಕೊಂಡಿಯ ಟೋಪಿಯೊಳಗೆ ಬೆರಳು ಹಾಕಿ ಸವರಿ ತೆಗೆದೆ. ಕಪ್ಪು ಅಂಟು ಬಂತು. ಮೂಸಿದೆ. ಮೇಲೆ ಗ್ರೀಸಿನ ವಾಸನೆ; ಅದರ ಕೆಳಗೆ ಬೇರೊಂದು, ಗ್ಯಾರೇಜಿನಲ್ಲಿ ಇರಬಾರದ ವಾಸನೆ: ಹರಳೆಣ್ಣೆ, ಅರಿಶಿನ, ವಿಭೂತಿ. ಬಟ್ಟೆ ತೆಗೆದುಕೊಂಡು ಜೀಪಿನ ಗುಂಡನ್ನು ಒರೆಸಿದೆ. ಗ್ರೀಸಿನಡಿ ಊರ ಮುಂದಿನ ದೇವರ ಕಲ್ಲಿನ ಮೇಲಿರುವಂತೆ ಕೆಂಪು, ಹಳದಿ, ಬಿಳಿ ಪದರಗಳು ಒಂದರ ಮೇಲೊಂದು ಗಟ್ಟಿಯಾಗಿ ಕೂತಿದ್ದವು.

"ಇದ್ಕೆ ಯಾರ್ಲಾ ಪೂಜೆ ಮಾಡ್ತಿರೋದು?"

ಷಡ್ಡಕ ತಲೆ ಕೆರೆದ. "ನಮ್ಮನೇವ್ಳು, ಸೋಮ್ವಾರ ಸೋಮ್ವಾರ. ಗಾಡಿ ತಂದ್ ದಿವ್ಸ ಅತ್ತೆ ನಮ್ಮನೇಲೇ ಇದ್ರು, ಅವ್ರೇ ಸುರು ಮಾಡುದ್ರು. ಗುಂಡ್ಗೆ ಅದೆಯಲ್ಲ, ಈಶ್ವರನಂಗೇ ಅದೆ, ಬರೀ ಮೈಲಿ ಬುಡಬ್ಯಾಡಿ ಅಂತ ಎಣ್ಣೆ ಸವ್ರಿ, ಇಬೂತಿ, ಅರಿಸ್ನ, ಕುಂಕ್ಮ ಇಕ್ಕುದ್ರು."

ಸಾಬರು ಕನ್ನಡಕವನ್ನು ಹಣೆಯಿಂದ ಇಳಿಸಿ ಟೋಪಿಯೊಳಗೆ ಇಣುಕಿದರು. "ಯಾ ಅಲ್ಲಾ! ಇದ್ರೊಳಗೆ ಬ್ರೇಕ್ ಲೈನಿಂಗಿನ ಥರ ಬಿಲ್ಲೆ ಇದೆಯಲ್ಲ! ಇದಕ್ಕೆ ಎಣ್ಣೆ ಮುಟ್ಟಿಸ್ತಾರಾ ಯಾರಾದ್ರೂ?"

ಬಿಲ್ಲೆ ಕಂಡೊಡನೆ ನನಗೆ ಗುಟ್ಟು ಹೊಳೆಯಿತು; ಈಗ ಮಾತಾಡುವ ಸರದಿ ನನ್ನದು. ಹೊರದೇಶದವರು ಈ ಕೊಂಡಿಯನ್ನು ಗಾಡಿ ತೂಗಾಡದಿರಲೆಂದೇ ಮಾಡಿದ್ದಾರೆ. ಎರಡು ಬಿಲ್ಲೆಗಳು ಗುಂಡನ್ನು ಅತ್ತ ಇತ್ತ ಒಣಒಣವಾಗಿ ಬಿಗಿದು ಹಿಡಿಯಬೇಕು. ಜಿಡ್ಡಾದರೆ ಹಿಡಿತ ಜಾರಿ ಗಾಡಿ ಬಾಲ ಆಡಿಸುತ್ತದೆ, ಕೊಳೆ ಗಟ್ಟಿಯಾದರೆ ಅಳುತ್ತದೆ. ಎತ್ತಿನ ಗಾಡಿಯ ಅಚ್ಚಿಗೆ ಪ್ರಾಣವಾದದ್ದು ಇದಕ್ಕೆ ವಿಷ ಎಂದು ವಿವರಿಸಿದೆ. ಪೂಜೆಯ ಪಾತ್ರವನ್ನು ವಿಸ್ತಾರವಾಗಿಯೂ ಗ್ರೀಸಿನ ಪಾತ್ರವನ್ನು ಚುಟುಕಾಗಿಯೂ ಹೇಳಿದೆ. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಗುಂಡನ್ನು ತಿಕ್ಕಿ ಹೊಳೆಸಿದೆವು. ಬಿಲ್ಲೆಗಳ ಮೇಲೆ ಕಟ್ಟಿದ್ದ ಗಾಜಿನಂಥ ಮಿರುಗನ್ನು ಸಾಬರು ಉಪ್ಪುಕಾಗದದಿಂದ ಉಜ್ಜಿ ತೆಗೆದರು. ಕಟ್ಟಿ, ಶೆಡ್ಡಿನ ಮುಂದೆ ಎಡಕ್ಕೊಂದು ಬಲಕ್ಕೊಂದು ಸುತ್ತು ಹೊಡೆಸಿದೆ. ಒಂದು ಸೊಲ್ಲಿಲ್ಲ. ಕಾವೇರಿಯ ಕಡೆಯಿಂದ ಬೀಸುವ ಗಾಳಿಯ ಸದ್ದು ಕೂಡ ಕೇಳುತ್ತಿತ್ತು.

"ಮಾಫ್ ಮಾಡಿ ಯಜಮಾನ್ರೆ," ಎಂದರು ಸಾಬರು. "ಕಿವಿ ಹೋದ್ರೂ ಮೂಗು ಜೋರಾಗೈತೆ."

ಷಡ್ಡಕ ನನ್ನನ್ನು ತಬ್ಬಿಕೊಂಡೇಬಿಟ್ಟ. ಅವನ ಭುಜದ ಮೇಲಿಂದ ಆ ಬಿಳಿ ಗಾಡಿ ತಣ್ಣಗೆ ನಿಂತಿರುವುದು ಕಂಡಿತು. ನಾನೇನು ಮಾಡಿದೆನೆಂದು ನನಗೆ ತಿಳಿದದ್ದು ಆಗ.

"ಅತ್ತೆಗೆ ಪೂಜೆ ಬ್ಯಾಡ ಅಂತ ನೀನೇ ಯೋಳ್ಬುಡಣ್ಣ," ಎಂದ. "ಇರೀಕ ನೀನು. ನಾನ್ ಯೋಳುದ್ರೆ ಬೈತಾರೆ."

ಹಿರಿಯನೆಂಬ ಪದವಿಯಲ್ಲಿ ನನಗೆ ಉಳಿದಿದ್ದ ಕೆಲಸ ಇದೊಂದು. ಕೆ.ಆರ್. ಪೇಟೆಗೆ ಹೋಗಿ, ಆ ಈಶ್ವರನಿಗೆ ಎಣ್ಣೆ, ವಿಭೂತಿ, ಕುಂಕುಮ ಯಾವುದೂ ಆಗಿಬರುವುದಿಲ್ಲವೆಂದೂ, ಅವನು ಒಣಗಿದ್ದರೇನೇ ಒಲಿಯುವವನೆಂದೂ ಸಾಧ್ಯವಾದಷ್ಟು ಭಕ್ತಿಯಿಂದ ನಿವೇದಿಸಿದೆ. ಅತ್ತೆಯವರು ಕುಟ್ಟಾಣಿಯನ್ನು ಪಕ್ಕಕ್ಕಿಟ್ಟರು.

"ಅಂದ್ರೆ ಅದು ಅಳ್ತಿದ್ದದ್ದು ನಾನ್ ಮಾಡಿದ್ ಪೂಜೆಗಾ?"

"ಪೂಜೆಗಲ್ಲ ಅತ್ತೆ. ಎಣ್ಣೆಗೆ."

"ನೀವು ಗ್ರೀಸು ಬಳ್ಸಿದ್ರಂತಲ್ಲ?"

ಸುದ್ದಿ ಪಾಂಡವಪುರದಿಂದ ನನಗಿಂತ ಮುಂಚೆ ಹೊರಟಿತ್ತು. ನಾನು ನೀರು ಕೇಳಿ ಕುಡಿದೆ.

"ಓಗ್ಲಿ ಬುಡಿ," ಎಂದರು. "ಬಾಗ್ಲಿಗೆ ಕುಂಕ್ಮ ಇಕ್ತೀನಿ. ಬಾಗ್ಲಾದ್ರೂ ಸುಮ್ನೆ ಇದ್ದಾತು. ಈಗ ಅಳಾಕಿಲ್ಲ ತಾನೆ?"

ಇಲ್ಲ ಎನ್ನುವ ಎರಡಕ್ಷರವನ್ನು ಹೇಳಲು ನನಗೆ ಎರಡು ಸಲ ಉಸಿರು ಬೇಕಾಯಿತು.

ಪಿತೃಪಕ್ಷದ ಆ ದಿನ ಅತ್ತೆಯವರು ಷಡ್ಡಕನ ಜೀಪಿನ ಮುಂದಿನ ಸೀಟಿನಲ್ಲಿ ಕೂತರು. ಮೊಣಕಾಲ ಮೇಲೆ ಎಡೆಗೆಂದು ತೆಗೆದ ಹೊಸ ಪಂಚೆ, ಸೀರೆಯ ಚೀಲ. ಹಿಂದೆ ಗಾಡಿಮನೆ. ಅದರ ಹಿಂದೆ ನಾನು, ಹೆಂಡತಿ, ಹೊಸ ಕವರಿನ ಸೀಟುಗಳು. ನಾಗಮಂಗಲದವರೆಗೂ ನನ್ನ ಕಣ್ಣಿಗೆ ಕಂಡದ್ದು ಒಂದು ಬಿಳಿ ಬೆನ್ನು ಮಾತ್ರ. ತೆಂಗಿನ ತೋಟಗಳು, ರಾಗಿ ಹೊಲಗಳು ಎಲ್ಲವೂ ಅದರ ಅಕ್ಕಪಕ್ಕದಲ್ಲಿ ಇದ್ದಿರಬೇಕು. ಪ್ರತಿ ತಿರುವಿನಲ್ಲೂ ಗಾಜು ಇಳಿಸಿ ಕಿವಿ ಹೊರಗೆ ಹಾಕಿದೆ. ಏನೂ ಇಲ್ಲ. ದಾರಿಯಲ್ಲಿ ಒಂದು ಹುಣಸೆಮರದಡಿ ಅವರು ನಿಲ್ಲಿಸಿದರು. ನಾವೂ ನಿಲ್ಲಿಸಿ ಕಾದೆವು. ಅತ್ತೆಯವರು ಗಾಡಿಮನೆಯಿಂದ ಇಳಿಯುವಾಗ ಮುಖದಲ್ಲಿದ್ದ ತೃಪ್ತಿಯನ್ನು ನನ್ನ ಕಾರು ಯಾವ ಕಾಲಕ್ಕೂ ಕೊಡಲಾರದು.

"ಯಾಕ್ರೀ, ಗಾಜು ಇಳ್ಸಿ ಇಳ್ಸಿ ಏನ್ ಕೇಳ್ತಾ ಇದ್ದೀರಿ?" ಎಂದಳು ಹೆಂಡತಿ.

"ರಿಪೇರಿ ನಿಂತದಾ ಅಂತ ನೋಡ್ಬ್ಯಾಡ್ವಾ?"

"ನಿಂತದೆ ಬುಡಿ. ಚೆನ್ನಾಗೇ ಮಾಡಿದ್ದೀರಿ. ಧೂಳ್ ಬತ್ತದೆ, ಗಾಜೇರ್ಸಿ."

ಊರ ಬಾಗಿಲಲ್ಲಿ ಒಬ್ಬ ಮುದುಕಿ ಗೋಡೆ ಹಿಡಿದು ನಿಂತಿದ್ದಳು. ಗಾಡಿಮನೆ ಅವಳ ಮುಂದೆಯೇ ತಿರುಗಿತು. "ಎಷ್ಟ್ ದೊಡ್ಡದದೆ, ಉಸ್ರೇ ಇಲ್ವಲ್ಲವ್ವ!" ಎಂದಳು. ಅತ್ತೆಯವರು ಜೀಪಿನಿಂದ ತಲೆ ಹೊರಗೆ ಹಾಕಿ, "ನಮ್ ಚಿಕ್ಕಳಿಯಂದು!" ಎಂದು ಕೂಗಿ ಹೇಳಿದರು. ಆ ಮಾತು ಕೇಳಿಸಿಕೊಳ್ಳಲು ವಿಶೇಷವಾದ ಕಿವಿ ಬೇಕಿರಲಿಲ್ಲ.

ಎಡೆ ಇಟ್ಟು, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ, ತೆಗೆದು, ಧೂಪ ಹಾಕಿದ ಮೇಲೆ ಎಲೆಗಳು ಬಿದ್ದವು. ಮನೆಯ ಯಜಮಾನರು, ಅತ್ತೆಯವರ ತಮ್ಮ, ಪದ್ಧತಿ ಪ್ರಕಾರ ಷಡ್ಡಕನ ಕೈ ಹಿಡಿದು ಮೊದಲ ಎಲೆಗೆ ಕರೆದರು. ನಾನು ಕಂಬಕ್ಕೊರಗಿ ತೊಲೆ ಎಣಿಸುತ್ತಿದ್ದೆ.

"ಅಯ್ಯೋ, ಬ್ಯಾಡಿ ಮಾವ," ಎಂದ ಅವನು ಕೈ ಬಿಡಿಸಿಕೊಂಡು, ಪಂಕ್ತಿಗೆಲ್ಲ ಕೇಳುವಂತೆ. "ನಮ್ಮಣ್ಣ ಕೂತ್ಕಳ್ಳಿ. ಗಾಡಿ ಅಳು ನಿಲ್ಸಿದ್ದೇ ಅವ್ರು. ಅವ್ರಿಲ್ದಿದ್ರೆ ಅತ್ತೆ ಎಲ್ ಬತ್ತಿದ್ರು?"

ಎಲ್ಲರೂ ನನ್ನ ಕಡೆ ತಿರುಗಿದರು. ಅವನ ಮುಖದಲ್ಲಿ ಅಲ್ಲಿಯೂ ಜಂಬವಿರಲಿಲ್ಲ. ಬೇಡವೆನ್ನೋಣ ಎಂದುಕೊಂಡೆ, ಅಷ್ಟರಲ್ಲಿ ಕಾಲು ನಡೆದಿತ್ತು. ಇಷ್ಟು ವರ್ಷ ಹಕ್ಕಿನಿಂದ ಕೂತ ಎಲೆಯ ಮುಂದೆ, ಅವನು ಬಿಟ್ಟುಕೊಟ್ಟದ್ದರಿಂದ ಕೂತೆ. ಅವನು ಪಕ್ಕದ ಎರಡನೆಯ ಎಲೆಗೆ ಕೂತು ಅಂಗಿಯ ತೋಳು ಮಡಿಸಿಕೊಂಡ. ಮುದ್ದೆ ಬಂತು, ಬಾಡಿನ ಸಾರು ಬಂತು. ಬಡಿಸುತ್ತ ಬಂದ ನನ್ನ ಹೆಂಡತಿ ನನ್ನ ಮುಂದೆ ಬಗ್ಗಿ ಮೆಲ್ಲಗೆ ಗದರಿದಳು:

"ಏನೂಂದ್ರೆ, ನಿಮ್ ಎಲೆ ನೋಡ್ಕಂಡ್ ಉಣ್ಣಿ. ಅವನ್ ಎಲೇಲೇನದೆ?"

ಮಜ್ಜೆ ತುಂಬಿದ ನಳ್ಳಿ ಮೂಳೆ ಇತ್ತು. ನನಗೆ ಬಿದ್ದದ್ದಕ್ಕಿಂತ ದಪ್ಪನೆಯದು.